ಹಲ್ಲು ನೋಡಿ ಕೊಂಡದ್ದು

ಅಜ್ಜ ಮಚಾಕೋಸಿನ ಸಂತೆಯಲ್ಲಿ
ಎತ್ತಿನ ತುಟಿ ಸರಿಸಿ ಹಲ್ಲು ನೋಡುತ್ತಿದ್ದ.
ಕೋಡಿಗೆ ಎಣ್ಣೆ ಯಾರು ಬೇಕಾದರೂ ಹಚ್ಚುತ್ತಾರೆ, ನ್ಜಿಲಾನಿ,
ಸವೆದ ಹಲ್ಲಿಗೆ ಹಚ್ಚುವುದಕ್ಕೆ
ಯಾರ ಹತ್ತಿರವೂ ಏನೂ ಇಲ್ಲ.

ಹೆಂಗಸರ ಚೀಟಿಯಲ್ಲಿ ಈ ಸಲ ನನ್ನ ಸರದಿ.
ಮೂವತ್ತೆರಡು ಸಾವಿರ ಶಿಲ್ಲಿಂಗು,
ಬಾಯಲ್ಲಿ ಹಲ್ಲೆಷ್ಟೋ ಅಷ್ಟು ಸಾವಿರ.
ಕಲೇಕ್ಯೆ ಗ್ಯಾಸಿನ ಒಲೆ ತಂದಿದ್ದಳು,
ಮ್ವಿಕಾಲಿ ಸೂರಿಗೆ ತಗಡು.
ನೀನು?
ಕ್ಯಾಮೆರಾ.
ಮದುವೆ ತೆಗೆದು ಸಂಪಾದಿಸ್ತೀಯಾ?
ಇಲ್ಲ, ಸುಮ್ಮನೆ, ಅಂದೆ.
ಎಲ್ಲರೂ ಸುಮ್ಮನಾದರು.

ನೈರೋಬಿಯ ಲುಥುಲಿ ರಸ್ತೆ, ಎರಡನೇ ಮಹಡಿ,
ಟೀವಿ ರಿಪೇರಿಯವರ ಬೆಸುಗೆ ಹೊಗೆ ದಾಟಿದರೆ
ಒಚೊಲಾನ ಅಂಗಡಿ. ಅಂಗಡಿಯೆಂದರೆ
ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು,
ಬಾಯಿ ಮುಚ್ಚಿ ಸಾಲಾಗಿ ಕೂತ ಕರಿ ಕ್ಯಾಮೆರಾಗಳು,
ನಮ್ಮ ಹಲ್ಲಿನ ಕ್ಲಿನಿಕ್ಕಿನ ಬೆಂಚಿನ ಮೇಲೆ
ಸರದಿಗೆ ಕಾದವರ ಹಾಗೆ.

ಹಳದಿ ಅಕ್ಷರದ ಕಂಪನಿಯೋ, ಕೆಂಪು ಅಕ್ಷರದ್ದೋ,
ಇಷ್ಟು ಮೆಗಾಪಿಕ್ಸೆಲ್ಲು, ಅಷ್ಟು ಮೆಗಾಪಿಕ್ಸೆಲ್ಲು,
ಕೋಡಿಗೆ ಎಣ್ಣೆ ಹಚ್ಚುತ್ತಲೇ ಇದ್ದ.
ನಾನು ಕೇಳಿದ್ದು ಒಂದೇ:
ಇದು ಎಷ್ಟು ಸಲ ಕಣ್ಣು ಮಿಟುಕಿಸಿದೆ?
ಮುಖ ಸಣ್ಣದು ಮಾಡಿಕೊಂಡು
ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದ.
ನಲವತ್ತೊಂದು ಸಾವಿರದ ಇನ್ನೂರ ಆರು.
ಎಲ್ಲಾ ಕಿಸುಮುವಿನ ಮದುವೆಗಳು, ಅಂದ,
ಸಂತೋಷದಲ್ಲಿ ಸವೆದದ್ದು ಸವೆತವಲ್ಲ ಎಂಬ ಹಾಗೆ.

ಹಿಡಿಯ ರಬ್ಬರು ಒಂದು ಕಡೆ ಎದ್ದಿತ್ತು. ಇರಲಿ.
ಫೋನಿನ ಬೆಳಕು ಬಿಟ್ಟು ಲೆನ್ಸಿನೊಳಗೆ ಇಣುಕಿದೆ.
ಅಂಚಿನಲ್ಲಿ ಜರಿಗಿಡದಂಥ ಬೂಷ್ಟು.
ಇದಕ್ಕೆ ಹುಳುಕು, ಅಂದೆ. ಬದಲಾಯಿಸಿದ.
ಉದ್ದನೆಯ ಇನ್ನೊಂದು ಲೆನ್ಸು ಪೆಟ್ಟಿಗೆಯ ತಳದಿಂದ ಬಂತು,
ಹಳೆಯದು, ಗಾಜು ಶುದ್ಧ.
ಆದರೆ ಈ ಜೋಡಿ ತಾನಾಗಿ ಹೊಂದಿಕೊಳ್ಳೋದಿಲ್ಲ,
ಪ್ರತಿ ಸಲವೂ ನೀನೇ ಕೈಯಲ್ಲಿ ತಿರುಗಿಸಬೇಕು.
ಅದಕ್ಕೇ ಅಗ್ಗ.

ಅಷ್ಟು ದೂರದಿಂದ ಏನು ತೆಗೀತೀಯ? ಸಿಂಹಾನಾ?
ಸ್ಟೇಡಿಯಂ ಸರ್ಕಲ್ಲಿನ ಮರಬು ಕೊಕ್ಕರೆ.
ಕ್ಯಾಲ್ಕುಲೇಟರ್ ಕೆಳಗಿಟ್ಟ.
ಆ ಹೇಲು ಸುರಿಯೋ ಹಕ್ಕಿಯಾ? ದುಡ್ಡು ಕೊಟ್ಟು?
ಪಾಪ ಅನ್ನಿಸಿರಬೇಕು,
ಐನೂರು ತಾನಾಗಿ ಇಳಿಸಿದ.

ದಿನಾ ಬೆಳಿಗ್ಗೆ ನಮ್ಮ ಮಟಾಟು
ಆ ಜಾಲಿಮರದಡಿ ಅರ್ಧ ಗಂಟೆ ಸಿಕ್ಕಿಕೊಳ್ಳುತ್ತದೆ.
ಬೋಳು ತಲೆ, ಕತ್ತಿನಡಿ ಜೋತ ಗುಲಾಬಿ ಚೀಲ,
ಸಾವಿನ ಮನೆಯ ಹೊರಗೆ
ಏನು ಮಾತಾಡಬೇಕೆಂದು ತಿಳಿಯದೆ ನಿಂತ
ದೂರದ ನೆಂಟರಂಥ ಹಕ್ಕಿಗಳು.
ಒಂದು ದಿನ ಅದರಲ್ಲೊಬ್ಬ ನೆಂಟ
ಹೊದ್ದ ಶಾಲು ಬಿಚ್ಚಿ ರೆಕ್ಕೆ ಮಾಡಿದ.
ಮೇಲಿನ ಆಕಾಶ ಅಷ್ಟು ಹೊತ್ತೂ
ಆ ಶಾಲಿನಲ್ಲೇ ಮಡಿಸಿತ್ತೇನೋ.
ಬಸ್ಸಿನಲ್ಲಿ ಯಾರೂ ತಲೆ ಎತ್ತಲಿಲ್ಲ.
ಎತ್ತಿದರೆ ಮುಖದ ಮೇಲೆ ಏನು ಬೀಳುತ್ತದೆಂದು
ಊರಿಗೆಲ್ಲ ಗೊತ್ತು.

ಭಾನುವಾರ ಛತ್ರಿಯೊಂದಿಗೆ ಹೋದೆ.
ಕಂಕುಳಲ್ಲಿ ಛತ್ರಿ, ಎಡಗೈಯಲ್ಲಿ ಲೆನ್ಸಿನ ಬಳೆ.
ತಿರುಗಿಸುವಷ್ಟರಲ್ಲಿ ಹಕ್ಕಿ ತಿರುಗುತ್ತದೆ,
ಹಕ್ಕಿ ನಿಂತರೆ ಮೋಡ, ಮೋಡ ಸರಿದರೆ
ಕಡಲೆಕಾಯಿ ಮಾರುವ ಹುಡುಗನ ಪ್ರಶ್ನೆ.
ಅರವತ್ತು ಚಿತ್ರ ಬರೀ ಬೂದಿ.
ಅರವತ್ತೊಂದನೆಯದರಲ್ಲಿ
ಕೊಕ್ಕಿನ ತುದಿ ಮಂಜಾಗಿ, ಚೀಲ ಮಂಜಾಗಿ,
ಕಣ್ಣೊಂದು ನೆಟ್ಟಗೆ ನನ್ನ ಕಡೆ.

ಕ್ಲಿನಿಕ್ಕಿನ ಗೋಡೆಗೆ ಬೇಡ ಅಂದರು ಡಾಕ್ಟರು,
ಅಲ್ಲೆಲ್ಲ ಬಿಳಿ ಹಲ್ಲು ನಗುವ ಪೋಸ್ಟರುಗಳು.
ನನ್ನ ಮೇಜಿನ ರಿಜಿಸ್ಟರಿಗೆ ಒರಗಿಸಿಟ್ಟಿದ್ದೇನೆ.
ಇವತ್ತು ಕೆನ್ನೆ ಊದಿದ ಹುಡುಗನೊಬ್ಬ
ಅಳುವುದನ್ನು ನಡುವೆ ನಿಲ್ಲಿಸಿ ಬಗ್ಗಿ ನೋಡಿದ.
ಇದಕ್ಕೆ ಹಲ್ಲೆಷ್ಟು?
ಒಂದೂ ಇಲ್ಲ.
ಎಲ್ಲಾ ಕಿತ್ತರಾ?

ಒಳಗಿನಿಂದ ಹೆಸರು ಕರೆದರು.
ಅವನಿಗೆ ಕೇಳಿಸಲಿಲ್ಲ,
ಬಾಯಿ ತಾನಾಗಿ ತೆರೆದಿತ್ತು.